ನೀರು ಬಿಡುವವರು ಮತ್ತು ನಮ್ಮ ಪಾತ್ರೆ ತೊಳೆಯುವ ಮಿಶನ್

ನಮ್ಮ ಊರಿಗೆ ನೀರು ಬಿಡುತ್ತಿದ್ದವರು ಕಳೆದ ತಿಂಗಳು ತೀರಿಕೊಂಡರು. ಅವತ್ತೂ ಪಂಚಾಯತ್ ನಲ್ಲಿಯಲ್ಲಿ ನೀರು ಸರಿಯಾಗಿ ಏಳು ಗಂಟೆಗೆ ಬಂತು. ಐದು ನಿಮಿಷ ತಡವಾಗಿದ್ದರೆ ಅವರು ಮಲಗಿದಲ್ಲಿಂದಲೇ ಎದ್ದು ಕೂತು "ವಾಲ್ ಯಾರ್ ತಿರ್ಗ್ಸದ್ದ್ ಇವತ್ತ್?" ಎಂದು ಕೇಳುತ್ತಿದ್ದರು ಎಂದೆ. ಅಮ್ಮ ನನ್ನ ತಲೆಗೆ ಒಂದು ಕುಟ್ಟಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳಿಗೂ ನಗು ಬಂತು, ಏಕೆಂದರೆ ಮಾತು ಸುಳ್ಳಲ್ಲ.

ತ್ರಾಸಿಯ ಬಸ್ ನಿಲ್ದಾಣದಲ್ಲಿ ಅವರ ಫೋಟೋ ಹಾಕಿ ಒಂದು ಶ್ರದ್ಧಾಂಜಲಿ ಬ್ಯಾನರ್ ಕಟ್ಟಿದರು. ಫೋಟೋದ ಕೆಳಗೆ ದೊಡ್ಡ ಅಕ್ಷರದಲ್ಲಿ ಹೆಸರು. ಅರ್ಧ ಊರು ಅದರ ಮುಂದೆ ನಿಂತು, "ಹ್ವಾಯ್, ಈ ಹೆಸ್ರಿನೋರ್ ಯಾರ್ ಮಾರಾಯ್ರೆ? ಮುಖ ಕಂಡ್ರೆ ನಮ್ ನೀರ್ ಬಿಡೋರ್ ಕಂಡಂಗೆ ಇತ್ತಲೆ" ಎಂದಿತು. ಇನ್ನರ್ಧ ಊರು "ಅವ್ರೇ ಇವ್ರ್" ಎಂದು ಬಿಡಿಸಿ ಹೇಳಬೇಕಾಯಿತು. ಮೂವತ್ತು ವರ್ಷ ಅವರನ್ನು ಎಲ್ಲರೂ ಕರೆದದ್ದು ನೀರು ಬಿಡುವವರು ಎಂದೇ. ಹಾಗಾಗಿ ನಾನೂ ಹೆಸರು ಹೇಳುವುದಿಲ್ಲ. ಹೇಳಿದರೆ ಊರಿನವರಿಗೇ ಗುರುತು ಸಿಗುವುದಿಲ್ಲ.

ಬಿಜೂರಿನ ಕಡೆಯಿಂದ ಬಂದು ನಮ್ಮ ಪಂಚಾಯತಿನಲ್ಲಿ ಪಂಪ್ ಆಪರೇಟರ್ ಆದವರು. ಎಷ್ಟು ಸಪೂರ ಎಂದರೆ, ವಾಲ್ವ್ ತಿರುಗಿಸುವ ಉದ್ದದ ಕಬ್ಬಿಣದ ಕೀಯನ್ನು ಸೈಕಲಿಗೆ ಕಟ್ಟಿಕೊಂಡು ಬರುವಾಗ ದೂರದಿಂದ ಕೀ ಯಾವುದು, ಅವರು ಯಾವುದು ಎಂದು ತಿಳಿಯುತ್ತಿರಲಿಲ್ಲ. ಹತ್ತಿರ ಬಂದ ಮೇಲೆ ಗೊತ್ತಾಗುತ್ತಿತ್ತು, ಕೀ ಸ್ವಲ್ಪ ದಪ್ಪ.

ಅವರಿಗೆ ಪಂಪು, ಪೈಪು, ಮೋಟರು ಎಲ್ಲವೂ ದೊಡ್ಡ ಮನುಷ್ಯರು. ಊರಿನ ಪಂಚಾಯತ್ ಸದಸ್ಯನನ್ನು "ಅವ" ಎನ್ನುತ್ತಿದ್ದರು, ಟ್ಯಾಂಕಿನ ಕೆಳಗಿನ ಹಳೆಯ ಪಂಪನ್ನು "ಅವ್ರ್" ಎನ್ನುತ್ತಿದ್ದರು. "ಇವ್ರಿಗೆ ಬೆಳಿಗ್ಗೆಯಿಂದ ಸಮಾ ಇಲ್ಲೆ. ಮೈ ಬಿಸಿ ಇತ್ತ್" ಎಂದು ಮೋಟರಿನ ಮೇಲೆ ಕೈಯಿಟ್ಟು ಹೇಳುವಾಗ, ಯಾರಾದರೂ ಹೊಸಬರು ಕೇಳಿದರೆ ಒಳಗೆ ಯಾರೋ ಜ್ವರ ಬಂದು ಮಲಗಿದ್ದಾರೆ ಎಂದುಕೊಳ್ಳಬೇಕು.

ಇನ್ನೊಂದು ಕ್ರಮ ಅವರದ್ದು, ಏನೇ ಹಾಳಾಗಲಿ, ಮೊದಲು ಕೂರುವುದು. ಒಮ್ಮೆ ನಮ್ಮ ಶಾಲೆಯ ಮೈದಾನದ ಅಡಿಯಲ್ಲಿ ಎಲ್ಲೋ ಪೈಪ್ ಒಡೆದಿತ್ತು. ತಾಲೂಕಿನಿಂದ ಬಂದವರು ಮೂರು ಕಡೆ ಅಗೆಸಿದರು. ನಮಗೆ ಖೋಖೋ ಆಡಲು ಜಾಗ ಇಲ್ಲದಂತಾಯಿತು, ಹೊಂಡಗಳಲ್ಲಿ ಕಪ್ಪೆ ಸಂಸಾರ ಹೂಡುವುದು ಮಾತ್ರ ಬಾಕಿ. ನೀರು ಬಿಡುವವರು ಗೇರುಮರದ ಬುಡದಲ್ಲಿ ಕೂತು ಒಂದು ಪೊಟ್ಟಣ ನೆಲಗಡಲೆ ಪೂರ್ತಿ ತಿಂದರು. ಆಮೇಲೆ ಎದ್ದು ತಮ್ಮ ಉದ್ದದ ಸ್ಕ್ರೂಡ್ರೈವರನ್ನು ನೆಲಕ್ಕೆ ಚುಚ್ಚಿ, ಅದರ ಹಿಡಿಗೆ ಕಿವಿ ಕೊಟ್ಟು, ನಾಲ್ಕು ಹೆಜ್ಜೆ ಸರಿದು, ಮತ್ತೆ ಚುಚ್ಚಿ, "ಇಲ್ಲಿತ್ತ್" ಎಂದರು. ಅಲ್ಲೇ ಇತ್ತು. ಧ್ವಜಸ್ತಂಭದ ಕಟ್ಟೆಯ ಅಡಿಯಲ್ಲಿ. ಅಷ್ಟು ದಿನ ನಾವು ಅದರ ಎದುರೇ ಅಟೆನ್ಷನ್ ನಿಂತಿದ್ದೆವು.

ತಪ್ಪು ಮಾಡಿದವರನ್ನು ಅವರು ಹಿಡಿಯುವ ರೀತಿಯೂ ಬೇರೆ. ಏಪ್ರಿಲಿನಲ್ಲಿ ನಮ್ಮಲ್ಲಿ ಬಾವಿ ನೀರು ಉಪ್ಪಾಗುತ್ತದೆ, ಆಗ ಪಂಚಾಯತ್ ನಲ್ಲಿಯೇ ಗತಿ. ಆ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಗುಟ್ಟಾಗಿ ನಲ್ಲಿಗೆ ಮೋಟರ್ ಕೂರಿಸಿ ಇಡೀ ಬೀದಿಯ ನೀರನ್ನು ಎಳೆದುಕೊಳ್ಳುತ್ತಾರೆ. ಹಾಗೆ ಮಾಡಿದ ಒಂದು ಮನೆಗೆ ಇವರು ಹೋಗಿ ಜಗಲಿಯಲ್ಲಿ ಕೂತು ಕುಡಿಯಲು ನೀರು ಕೇಳಿದರು. ಒಂದು ಚೊಂಬು ಕುಡಿದರು. ಇನ್ನೊಂದು ಕೇಳಿದರು. ಮೂರನೆಯದನ್ನೂ ಕುಡಿದು, "ನಿಮ್ಮಲ್ ನೀರ್ ಲಾಯ್ಕ್ ಫೋರ್ಸ್ ಬತ್ತ್ ಅಲ್ದಾ" ಎಂದು ಹೇಳಿ ಸೈಕಲ್ ಹತ್ತಿದರು. ಮರುದಿನ ಮೋಟರ್ ಇರಲಿಲ್ಲ. ಯಾರ ಮನೆ ಎಂದು ಅವರು ಯಾರಿಗೂ ಹೇಳಲಿಲ್ಲ. ನನಗೆ ಹೇಗೆ ಗೊತ್ತು ಎಂದರೆ, ಅದು ನನ್ನ ದೊಡ್ಡಪ್ಪನ ಮನೆ.

ಇಂಥವರು ನಮ್ಮ ಅಡುಗೆಮನೆಗೆ ಬಂದದ್ದು ಹೋದ ವರ್ಷ, ನನ್ನ ಮೊದಲ ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ. ಬರಲು ಕಾರಣ ಅಮ್ಮನ ಕೈ.

ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಹಟ್ಟಿಯಂಗಡಿಯಿಂದ ಹಿಡಿದು ಬೈಂದೂರಿನವರೆಗೆ ಮದುಮಗಳ ರವಿಕೆ ಎಂದರೆ ಅವಳ ಹೆಸರು. ಎರಡು ವರ್ಷದಿಂದ ಅವಳ ಬೆರಳುಗಳ ಚರ್ಮ ಒಡೆಯಲು ಶುರುವಾಗಿತ್ತು. ರೇಷ್ಮೆ ಬಟ್ಟೆ ಮುಟ್ಟಿದರೆ ನೂಲು ಬೆರಳಿಗೆ ಸಿಕ್ಕಿ ಏಳುತ್ತಿತ್ತು. ಕುಂದಾಪುರದ ಡಾಕ್ಟರು ನೋಡಿ, "ಮುಲಾಮು ಕೊಡ್ತೆ, ಆರೆ ಪಾತ್ರಿ ತೊಳು ಸೋಪ್ ಮುಟ್ಟುಕಾಗ. ಮುಟ್ಟಿರೆ ಈ ಮುಲಾಮು ದಂಡ" ಎಂದರು. ರಬ್ಬರ್ ಗ್ಲೌಸ್ ಹಾಕಿ ನೋಡಿದ್ದಾಯಿತು, ಒಳಗೆ ಬೆವರಿ ಇನ್ನಷ್ಟು ಒಡೆಯಿತು. ಅಪ್ಪ ಬಸ್ ಕಂಡಕ್ಟರ್, ಬೆಳಕು ಹರಿಯುವ ಮೊದಲು ಮನೆ ಬಿಡುತ್ತಾರೆ. ಅಜ್ಜಿಗೆ, ಅಂದರೆ ಅಪ್ಪನ ಅಮ್ಮನಿಗೆ, ಸೊಂಟ ನೋವು. ಉಳಿದದ್ದು ಮಗಳು, ಅಂದರೆ ನಾನು. ನಾನು ಎರಡು ದಿನ ತೊಳೆದು ನಾಲ್ಕು ಗ್ಲಾಸು, ಒಂದು ಪಿಂಗಾಣಿ ಬಟ್ಟಲು ಮತ್ತು ಹೇಗೋ ಒಂದು ಸ್ಟೀಲ್ ಸೌಟು ಮುರಿದೆ. ಸ್ಟೀಲ್ ಸೌಟು ಮುರಿಯುವುದು ಸುಲಭವಲ್ಲ. ನನ್ನನ್ನು ಆ ಕೆಲಸದಿಂದ ಗೌರವಪೂರ್ವಕವಾಗಿ ಬಿಡುಗಡೆ ಮಾಡಲಾಯಿತು.

ಆಗ ಬ್ರಹ್ಮಾವರದ ಫ್ಲಾಟಿನಲ್ಲಿದ್ದ ಅಪ್ಪನ ಗೆಳೆಯರೊಬ್ಬರು ಮನೆ ಬದಲಾಯಿಸುವಾಗ ತಮ್ಮ ಪಾತ್ರೆ ತೊಳೆಯುವ ಮಿಶನನ್ನು ನಮಗೆ ಕೊಟ್ಟರು. ಅದು ಮೀನಿನ ಟೆಂಪೋದಲ್ಲಿ ಬಂತು. ಇಳಿಸಿದಾಗ ಬಂಗಡೆ ವಾಸನೆ ಎಷ್ಟಿತ್ತೆಂದರೆ, ಹಿಂದಿನಿಂದ ಏಳು ಬೆಕ್ಕುಗಳು ಮೆರವಣಿಗೆಯಲ್ಲಿ ಬಂದವು. ಏಳು ಎಂದು ಬರೆದಿದ್ದೇನೆ, ಎರಡು ಇರಬಹುದು.

ಅಜ್ಜಿ ಮಿಶನಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಬಾಗಿಲು ತೆಗೆದು ಒಳಗೆ ಇಣುಕಿದಳು.

"ಇದ್ರೊಳ್ಗ್ ಒಂದ್ ಕರು ಕಟ್ಟುಕ್ ಅಕ್ಕ್" ಎಂದಳು. "ಮೀನಿನ ಬಟ್ಲೂ ಹಾಲಿನ ಪಾತ್ರಿಯೂ ಒಂದೇ ಗೂಡಂಗೆ ಮೀಯುದಾ? ಒಬ್ರ್ ಎಂಜಲ್ ಇನ್ನೊಬ್ರಿಗೆ. ಥೂ!"

ನಾನು ಮಿಶನಿಗೆ ಉಪ್ಪು ಹಾಕಬೇಕು ಎಂದು ಓದಿ ಹೇಳಿದಾಗಲಂತೂ ಸೊಂಟ ನೋವು ಮರೆತು ನಕ್ಕಳು. "ಪಾತ್ರಿಗೆ ಉಪ್ಪ್ ಹಾಕ್ತ್ಯಾ ಹೆಣೆ? ಉಪ್ಪಿನಕಾಯಿ ಮಾಡ್ತ್ಯಾ?"

ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. "ಅಕ್ಕ್, ಕೂರ್ಸಿ. ಆರೆ ತೊಳ್ದ್ ನೀರ್ ನನ್ ಬಸಳಿ ಬುಡಕ್ಕೆ ಹೋಯ್ಕ್. ಚರಂಡಿಗೆ ಬಿಟ್ರೆ ನಾನ್ ಸುಮ್ನಿಪ್ಪುದಿಲ್ಲ. ಸಮಾ ತೊಳಿದೆ ಇದ್ರೆ ಐತಾರ ಅದೇ ಟೆಂಪೋದಂಗೆ ವಾಪಸ್."

ಐತಾರ ಎಂದರೆ ಭಾನುವಾರ. ಷರತ್ತಿನಲ್ಲಿ ಹೊಸದೇನಿಲ್ಲ. ನಮ್ಮ ಕಡೆ ಅಡುಗೆಮನೆಯ ನೀರು ಹಿತ್ತಲಿನ ಬಸಳೆ ಚಪ್ಪರಕ್ಕೋ ಬಾಳೆಗೋ ಹೋಗಲೇಬೇಕು. ಅದನ್ನು ಸುಮ್ಮನೆ ಹರಿಯಬಿಡುವ ಮನೆಗೆ ಹೆಣ್ಣು ಕೊಡುವುದಿಲ್ಲ ಎಂಬಷ್ಟು ಗಟ್ಟಿ ಕ್ರಮ.

ಮಿಶನ್ ಕೂರಿಸಿದ್ದು ನಾನು. ಹಳೆಯ ಮಿಶನ್ ಆದ್ದರಿಂದ ಕಂಪನಿಯವರು ಬರುವುದಿಲ್ಲ ಎಂದಾಗ, "ಫಿಸಿಕ್ಸಲ್ಲಿ ನಂಗೆ ತೊಂಬತ್ತೆಂಟ್" ಎಂದು ಹೇಳಿ ಮುಂದೆ ಬಂದೆ. ನೆಲದ ಮಟ್ಟದಲ್ಲಿ ಗೋಡೆಗೆ ಹಳೆಯ ತೂತು ಇತ್ತು. ಕೊಳೆನೀರು ಹೊರಹೋಗುವ ಪೈಪನ್ನು ಅದರಲ್ಲಿ ತೂರಿಸಿ, ಹೊರಗೆ ಬಸಳೆ ಬುಡದ ಗುಂಡಿಗೆ ಇಳಿಸಿದೆ. ಪೈಪಿನ ಜೊತೆ ಕೊಕ್ಕೆಯಂತೆ ಬಗ್ಗಿದ ಒಂದು ಪ್ಲಾಸ್ಟಿಕ್ ತುಂಡು ಬಂದಿತ್ತು. ಅದು ಎಕ್ಸ್‌ಟ್ರಾ ಎಂದು ತೀರ್ಮಾನಿಸಿ ನನ್ನ ಕೋಣೆಯ ಮೊಳೆಗೆ ಸಿಕ್ಕಿಸಿ ಇಯರ್‌ಫೋನ್ ನೇತು ಹಾಕಿದೆ. ಮ್ಯಾನುವಲ್ ಓದಿದೆಯಾ ಎಂದು ಅಪ್ಪ ಕೇಳಿದರು. ಪೂರ್ತಿ ಓದಿದ್ದೇನೆ ಎಂದೆ. ಉಪ್ಪಿನ ಪುಟ ಓದಿದ್ದೆ.

ಮಂಗಳವಾರ ಮೊದಲ ಸಲ ಹಾಕಿದೆವು. ಅಮ್ಮ ಒಂದು ಗಂಟೆ ಕೂತು ತಟ್ಟೆ, ಬಟ್ಟಲು, ಲೋಟಗಳನ್ನು ಒಂದೊಂದಾಗಿ ಜೋಡಿಸಿದಳು. ರವಿಕೆಗೆ ಹುಕ್ ಇಡುವಾಗಿನ ಮುಖ ಅವಳದ್ದು. ಬಟನ್ ಒತ್ತಿದೆ. ಮಿಶನ್ ಮೊದಲು ಗುರ್ ಎಂದು ಒಳಗೆ ಉಳಿದದ್ದನ್ನು ಹೊರಗೆ ಹಾಕಿತು, ಆಮೇಲೆ ಹೊಸ ನೀರು ತುಂಬಿಕೊಳ್ಳಲು ಶುರು ಮಾಡಿತು. ತುಂಬಿತು, ತುಂಬಿತು, ತುಂಬುತ್ತಲೇ ಇತ್ತು. ಹೊರಗಿನಿಂದ ಅಜ್ಜಿ ಕೂಗಿದಳು, "ಹ್ವಾಯ್! ತೊಳು ಮುಂಚೆಯೇ ಬಸಳಿಗೆ ನೀರ್ ಬತ್ತಾ ಇತ್ತ್! ಚಂದದ್ ನೀರ್!" ಹತ್ತು ನಿಮಿಷದ ಮೇಲೆ ಮಿಶನ್ ಕುಂಯ್ ಕುಂಯ್ ಎಂದು ಕೆಂಪು ದೀಪ ಮಿಟುಕಿಸಿ ನಿಂತುಹೋಯಿತು. ಬಾಗಿಲು ತೆಗೆದರೆ ಸೋಪಿನ ಬಿಲ್ಲೆ ಹಾಗೇ ಇದೆ, ಅನ್ನದ ಅಗುಳು ಹಾಗೇ ಇದೆ, ಒಳಗೆ ಒಂದು ಚಮಚ ನೀರಿಲ್ಲ.

ತುಂಬುವಾಗಲೇ ಖಾಲಿ ಮಾಡುವ ಮಿಶನ್. ನಾಲ್ಕು ದಿನ ಹೀಗೇ. ನಾನು ಜಾಲರಿ ತೆಗೆದು ತೊಳೆದೆ, ಅದರಲ್ಲಿ ಬ್ರಹ್ಮಾವರದ ಕಾಲದ ಒಂದು ಮೀನಿನ ಮುಳ್ಳು ಸಿಕ್ಕಿತು, ಗೆದ್ದೆ ಎಂದು ಕುಣಿದೆ. ಮತ್ತೆ ಹಾಕಿದೆವು, ಮತ್ತೆ ಕುಂಯ್ ಕುಂಯ್. ಮೊಬೈಲಿನಲ್ಲಿ ಹದಿನೆಂಟು ವಿಡಿಯೋ ನೋಡಿದೆ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ, ಮತ್ತು ಅದನ್ನು ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿದೆ. ಅಮ್ಮನಿಗೆ ಪಾತ್ರೆ ಜೋಡಿಸಲು ಬರುವುದಿಲ್ಲ.

"ಬಟ್ಲ್ ಅಡ್ಡ ಬಂದ್ ಸೆನ್ಸರಿಗೆ ತಪ್ಪ್ ತಿಳಿತ್ತ್" ಎಂದೆ.

ಸೆನ್ಸರ್ ಎಂಬ ಶಬ್ದ ಕೇಳಿದ್ದೇ ಮನೆಯವರೆಲ್ಲ ನಂಬಿಬಿಟ್ಟರು. ಅಮ್ಮ ಪಾತ್ರೆಗಳನ್ನು ಹೊರಗೆ ತೆಗೆದು, ತೊಟ್ಟಿಯಲ್ಲಿಟ್ಟು, ಬರಿಗೈಯಲ್ಲಿ ತೊಳೆದಳು. ನಾಲ್ಕು ದಿನವೂ. ಶುಕ್ರವಾರ ಅವಳ ಮೂರು ಬೆರಳಿಗೆ ಬ್ಯಾಂಡೇಜು. ಮೇಜಿನ ಮೇಲೆ ಮದುಮಗಳೊಬ್ಬಳ ಹಸಿರು ರೇಷ್ಮೆ, ಕತ್ತರಿಸಿದ್ದು ಕತ್ತರಿಸಿದ ಹಾಗೇ ಇತ್ತು. ಮಿಶನ್ ವಾಪಸ್ ಹೋದರೆ ಹೊಲಿಗೆ ನಿಲ್ಲುತ್ತದೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೊಸ ರವಿಕೆ ತಂದವರಿಗೆ "ಐತಾರ ಕಳೀಲಿ, ಕಾಂಬ" ಎಂದು ಹೇಳಿ ಕಳುಹಿಸುತ್ತಿದ್ದಳು.

ಶನಿವಾರ ಬೆಳಿಗ್ಗೆ ನೀರು ಬಿಡುವವರು ನಮ್ಮ ಗೇಟಿನ ಎದುರಿನ ವಾಲ್ವ್ ಮುಚ್ಚುತ್ತಿದ್ದಾಗ ಅಮ್ಮ ಕರೆದಳು. "ಹ್ವಾಯ್, ಚೂರ್ ಒಳ್ಗ್ ಬತ್ರ್ಯಾ?"

"ಅಮ್ಮ, ಅವ್ರ್ ಪಂಚಾಯತ್ ಪೈಪಿನೋರ್. ಇದ್ ಎಲೆಕ್ಟ್ರಾನಿಕ್ಸ್" ಎಂದು ನಾನು ಪಿಸುಗುಟ್ಟಿದೆ. ನನ್ನ ಪಿಸುಮಾತು ತ್ರಾಸಿ ಬೀಚಿನವರೆಗೆ ಕೇಳುತ್ತದೆ.

ಅವರು ಕಾಲು ತೊಳೆದು ಬಂದು ಮಿಶನಿನ ಮುಂದೆ ನಿಂತರು.

"ಇವ್ರ್ ಎಂತ ಕೆಲ್ಸ ಮಾಡುದ್?"

"ಪಾತ್ರಿ ತೊಳೂದ್" ಎಂದಳು ಅಮ್ಮ.

"ಇವ್ರೇ?"

"ಅವ್ರೇ."

"ಹಾಂಗಾರೆ ದೊಡ್ಡೋರೇ."

ನಾನು ಮುಂದೆ ಬಂದು ಒಂದು ಭಾಷಣ ಮಾಡಿದೆ. ಡ್ರೈನ್ ಪಂಪ್, ಫ್ಲೋಟ್, ಸೆನ್ಸರ್, ಸರ್ಕ್ಯೂಟ್ ಬೋರ್ಡ್, ಬಳಿಕ ಅಮ್ಮ ಬಟ್ಟಲು ಇಡುವ ರೀತಿ. ಅವರು ಪೂರ್ತಿ ಕೇಳಿದರು. ಅಷ್ಟು ಶ್ರದ್ಧೆಯಿಂದ ನನ್ನ ಮಾತನ್ನು ಕಾಲೇಜಿನಲ್ಲಿ ಯಾರೂ ಕೇಳಿಲ್ಲ.

"ನೀನ್ ಹೇಳದ್ದ್ ಸಮಾ ಇಕ್ಕ್ ಮಗಾ" ಎಂದರು. "ಮೊದ್ಲ್ ಕೂಕಂಬ."

ಕೂತೆವು. ಅವರು ನೆಲದ ಮೇಲೆ, ನಾನು ಅಕ್ಕಿ ಡಬ್ಬದ ಮೇಲೆ. ಬಟನ್ ಒತ್ತಿದೆ. ಅವರು ಸ್ಕ್ರೂಡ್ರೈವರಿನ ತುದಿಯನ್ನು ಮಿಶನಿನ ಹೊಟ್ಟೆಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಮಿಶನ್ ಗುರ್ ಎಂದಿತು. ಗುರ್ ನಿಂತಿತು. ನಲ್ಲಿಯಿಂದ ನೀರು ಒಳಬರುವ ಸದ್ದು ಶುರುವಾಯಿತು.

"ತಳ್ಳೋರ್ ಸುಮ್ನಾದ್ರ್" ಎಂದರು. ನೀರನ್ನು ಹೊರಗೆ ತಳ್ಳುವ ಒಳಗಿನ ಪಂಪಿಗೆ ಹಾಗೆ ಹೇಳಿದ್ದು. ಆಮೇಲೆ ಬೆರಳೆತ್ತಿ ಕಿಟಕಿಯ ಕಡೆ ತೋರಿಸಿದರು. "ಆರೆ ಹೊರ್ಗ್ ನೀರ್ ಬೀಳು ಶಬ್ದ ನಿಲ್ಲಲಿಲ್ಲೆ. ಕೇಣ್."

ಕೇಳಿದೆ. ಬಸಳೆ ಬುಡದಲ್ಲಿ ಬೊಳಬೊಳ. ನಾಲ್ಕು ದಿನದಿಂದ ಆ ಸದ್ದು ಅಲ್ಲೇ ಇತ್ತು. ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದೆ.

ಅವರು ಹಿತ್ತಲಿಗೆ ಹೋದರು, ನಾನು ಹಿಂದಿನಿಂದ. ಚಪ್ಪರದ ಕೆಳಗೆ ಬಗ್ಗಿ, ಗುಂಡಿಯಲ್ಲಿ ಬಿದ್ದಿದ್ದ ಪೈಪಿನ ತುದಿಯನ್ನು ಹಿಡಿದು ಎದೆಯ ಮಟ್ಟಕ್ಕೆ ಎತ್ತಿದರು. ನೀರು ನಿಂತಿತು. ಇಳಿಸಿದರು, ಬಂತು. ಎತ್ತಿದರು, ನಿಂತಿತು. ಆಮೇಲೆ ಪೈಪನ್ನು ನನ್ನ ಕೈಗೆ ಕೊಟ್ಟರು.

"ಡೀಸೆಲ್ ಕ್ಯಾನಿಗೆ ಪೈಪ್ ಹಾಕಿ ಬಾಯಂಗೆ ಒಂದ್ ಸಲ ಎಳ್ದ್ ಕೆಳ್ಗ್ ಬಿಟ್ರೆ, ಮತ್ತ್ ಅದ್ರಷ್ಟಕ್ಕೇ ಬತ್ತ್ ಅಲ್ದಾ? ಇದೂ ಹಾಂಗೇ. ತಳ್ಳೋರ್ ಸುರುವಿಗೆ ಒಂದ್ ಸಲ ತಳ್ಳಿದ್ರ್. ತುದಿ ಕೆಳ್ಗಿತ್ತ್, ಮಿಶನ್ ಮೇಲಿತ್ತ್. ಮತ್ತ್ ಯಾರೂ ತಳ್ಳುದೇ ಬ್ಯಾಡ."

"ಸೈಫನ್" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

"ಸೈಫನ್ ಅಂತ್ರಾ ಅದ್ಕೆ? ಹೆಸ್ರ್ ಚಂದ ಇತ್ತ್."

ಚಂದ ಇದೆ. ಹೈಸ್ಕೂಲಿನಲ್ಲಿ ಅದರ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದು, ಬಾಣ ಹಾಕಿ, ಪೂರ್ತಿ ಅಂಕ ತೆಗೆದಿದ್ದೆ. ಟೀಚರು ಆ ಚಿತ್ರವನ್ನು ಬೇರೆ ಸೆಕ್ಷನಿಗೂ ತೋರಿಸಿದ್ದರು.

"ಇದ್ರೊಟ್ಟಿಗೆ ಕೊಕ್ಕಿ ಹಾಂಗಿಪ್ದ್ ಒಂದ್ ಬಂದಿರ್ಕಲೆ? ಬಟ್ಟಿ ತೊಳು ಮಿಶನಿಗೂ ಕೊಡ್ತ್ರ್. ಎಲ್ಲಿತ್ತ್?"

"ನನ್ ಕೋಣಿಯಂಗೆ. ಇಯರ್‌ಫೋನ್ ನೇತಾಕಿದೆ."

ಅವರು ನಗಲಿಲ್ಲ. ನಕ್ಕಿದ್ದರೆ ನಾನೂ ನಕ್ಕು ವಿಷಯ ಮುಗಿಸುತ್ತಿದ್ದೆ. "ತಕಂಡ್ ಬಾ" ಎಂದರು, ಅಷ್ಟೆ.

ಕೊಟ್ಟಿಗೆಯ ಮೂಲೆಯಲ್ಲಿ ಮನೆ ಕಟ್ಟುವಾಗ ಉಳಿದ ದಪ್ಪ ಪಿವಿಸಿ ಪೈಪಿನ ತುಂಡುಗಳು ಇದ್ದವು. ಒಂದನ್ನು ಅಡುಗೆಮನೆಯ ಗೋಡೆಗೆ ತಾಗಿಸಿ ತೊಟ್ಟಿಯ ಎತ್ತರಕ್ಕೆ ನೆಟ್ಟಗೆ ನಿಲ್ಲಿಸಿದರು, ಅದರ ಬುಡವನ್ನು ಬಗ್ಗುತುಂಡು ಹಾಕಿ ಹಳೆಯ ತೂತಿನ ಮೂಲಕ ಬಸಳೆಯ ಕಡೆಗೆ ಬಿಟ್ಟರು. ಮಿಶನಿನ ಸಣ್ಣ ಪೈಪಿಗೆ ಕೊಕ್ಕೆ ತೊಡಿಸಿ ದಪ್ಪ ಪೈಪಿನ ಬಾಯಿಯೊಳಗೆ ಸುಮ್ಮನೆ ನೇತು ಹಾಕಿದರು. ಸುತ್ತ ಎರಡು ಬೆರಳು ಹೋಗುವಷ್ಟು ಸಂದು ಉಳಿಯಿತು.

"ಈ ಸಂದ್ ಹೀಂಗೇ ಇರ್ಕ್. ಇಲ್ಲಿಂದ ಗಾಳಿ ಹೋದ್ರೆ ನೀರ್ ಎಳು ಕೆಲ್ಸ ನಿಲ್ಲತ್ತ್. ಬಸಳಿಗೂ ನೀರ್ ಸಿಕ್ಕತ್ತ್." ಆಮೇಲೆ ದನಿ ಇಳಿಸಿದರು. "ಆರೆ ನಿಮ್ಮಜ್ಜಿ ಬಾಯಿ ತೆರ್ದದ್ದ್ ಎಂತ ಕಂಡ್ರೂ ಬಟ್ಟಿ ತುರ್ಕ್ತ್ರ್. ನಿಮ್ಮನಿ ಮೀಟರ್ ಪೆಟ್ಗಿಯಿಂದ ನಾನ್ ಮೂರ್ ಸಲ ಬಟ್ಟಿ ತೆಗ್ದಿದೆ. ಇದ್ಕೆ ತುರ್ಕಿರೆ ಮತ್ತ್ ಮೊದ್ಲಿನ ಹಾಂಗೇ. ಎಂತಕೆ ಅಂದೇಳಿ ಅವ್ರಿಗೆ ಹೇಳ್ಕ್."

"ನೀವೇ ಹೇಳಿ."

"ನಾನ್ ಹೇಳ್ತಿಲ್ಲೆ. ಮಿಶನ್ ಕೂರ್ಸದ್ದ್ ನೀನ್."

ಎರಡು ನಿಮಿಷ ಆಗಿರಲಿಲ್ಲ, ಅಜ್ಜಿ ಬಂದಳು. ಪೈಪಿನ ಬಾಯಿ ನೋಡಿದಳು. ಹೆಗಲ ಮೇಲಿನ ಬಟ್ಟೆ ತೆಗೆದಳು.

"ಇದೆಂತ, ಬಾಯಿ ತೆರ್ಕಂಡ್ ನಿಂತಿತ್ತ್? ಜಿರಳಿ ಬತ್ತ್."

"ಅಜ್ಜೀ, ಬ್ಯಾಡ! ಗಾಳಿ ಹೋಯ್ಕ್."

"ಪೈಪಿಗೆ ಎಂತ ಉಬ್ಬಸವಾ?"

"ಮ್ಯಾನುವಲಲ್ಲಿ ಹಾಂಗೇ ಇತ್ತ್."

"ಅದ್ ನೀನ್ ಮಂಗಳ್ವಾರವೇ ಪೂರ್ತಿ ಓದಿದ್ದೆ ಅಲ್ದಾ? ಮಂಗಳ್ವಾರ ಗಾಳಿ ಬ್ಯಾಡ ಆಯ್ತಾ?"

ನನ್ನ ಹತ್ತಿರ ಮೂರು ಉತ್ತರ ತಯಾರಿತ್ತು. ಒಂದು, ಹಲ್ಲಿ ಪೈಪನ್ನು ಕೆಳಗೆ ಬೀಳಿಸಿತು. ಎರಡು, ಕಂಪನಿಯವರು ಈ ವಾರ ನಿಯಮ ಬದಲಾಯಿಸಿದರು. ಮೂರು, ಅಮ್ಮ ಗುಡಿಸುವಾಗ ಪೊರಕೆ ತಾಗಿ ಸರಿಯಿತು. ಮೂರನೆಯದು ಒಳ್ಳೆಯದಿತ್ತು. ನಾಲ್ಕು ದಿನದಿಂದ ಎಲ್ಲ ತಪ್ಪೂ ಅಮ್ಮನ ಲೆಕ್ಕಕ್ಕೇ ಹೋಗುತ್ತಿದ್ದುದರಿಂದ ಯಾರೂ ಅನುಮಾನ ಪಡುತ್ತಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಒಡೆದ ಬೆರಳಿಗೆ ನೂಲು ಸಿಕ್ಕದ ಹಾಗೆ ಎರಡೂ ಕೈಗಳನ್ನು ಸೀರೆಯಿಂದ ಸ್ವಲ್ಪ ದೂರ ಹಿಡಿಯುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು, ಹಾಗೇ ಹಿಡಿದಿದ್ದಳು. ನೀರು ಬಿಡುವವರು ಆಗಲೇ ಬಿಗಿಯಾಗಿದ್ದ ಒಂದು ಕ್ಲಾಂಪನ್ನು ಮತ್ತೆ ಬಿಗಿ ಮಾಡುತ್ತಿದ್ದರು. ನನ್ನ ಕಡೆ ನೋಡಲೇ ಇಲ್ಲ.

"ನಾನ್ ಹಾಕದ್ದೇ ತಪ್ಪ್ ಆಯ್ತ್" ಎಂದೆ. "ತುದಿ ಕೆಳ್ಗ್ ಹಾಕಿದ್ದೆ. ಅದ್ಕೇ ನೀರ್ ನಿಲ್ಲಲಿಲ್ಲೆ. ಅಮ್ಮ ಜೋಡ್ಸದ್ರಂಗೆ ಎಂತ ತಪ್ಪಿಲ್ಲೆ."

ಅಮ್ಮ ಹತ್ತಿರ ಬಂದಳು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

"ಬಟ್ಲ್ ನಾನಿಟ್ಟದ್ದ್ ಸಮಾ ಇದ್ದಿತ್ತಾ?" ಎಂದು ಕೇಳಿದಳು.

"ಸಮಾ ಇದ್ದಿತ್."

"ದೊಡ್ ತಟ್ಟಿ ಬದಿಗೆ ಇಟ್ಟದ್ದ್?"

"ಅದೂ ಸಮಾ."

"ಕೇಂಡ್ರ್ಯಾ ಅತ್ತೆ?" ಎಂದು ಅಜ್ಜಿಯ ಕಡೆ ತಿರುಗಿದಳು. "ನಂಗೆ ಗೊತ್ತಿತ್ತ್. ಎಷ್ಟ್ ಚಂದ ಮಾಡಿ ಇಟ್ಟಿದ್ದೆ ನಾನ್!" ಅವಳ ಮುಖ ನೋಡಿದರೆ ಯಾರೋ ಬಹುಮಾನ ಕೊಟ್ಟ ಹಾಗಿತ್ತು. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು ನನಗೆ.

"ತೊಂಬತ್ತೆಂಟ್ ಗಡ" ಎಂದು ಅಜ್ಜಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು. "ಆ ಉಳ್ದ್ ಎರ್ಡ್ ಮಾರ್ಕ್ ಇದ್ರಂಗೇ ಹೋದ್ದ್ ಆಯ್ಕ್."

ಇನ್ನು ಓಡಿಸಿ ನೋಡಬೇಕು. ಆದರೆ ಮನೆಯಲ್ಲಿ ಒಂದೂ ಕೊಳಕು ಪಾತ್ರೆ ಇರಲಿಲ್ಲ. ಮಿಶನ್ ಇಲ್ಲದೆಯೂ ನಡೆಯುತ್ತದೆ ಎಂದು ತೋರಿಸಲು ಅಜ್ಜಿ ಬೆಳಿಗ್ಗೆಯೇ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಎಲ್ಲವನ್ನೂ ತೊಳೆದು ಬೋರಲು ಹಾಕಿದ್ದಳು. ಅಮ್ಮ ಮೊದಲು ನೀರು ಬಿಡುವವರಿಗೆ ಚಹಾ ಕೊಟ್ಟಳು. ಅವರು ಜಗಲಿಗೆ ಹೋಗಿ ಕುಡಿದು, ಗ್ಲಾಸು ಹಿಡಿದುಕೊಂಡು ಹಿತ್ತಲ ನಲ್ಲಿಯ ಕಡೆ ಹೊರಟರು.

ಅದು ಅವರ ಯಾವತ್ತಿನ ಕ್ರಮ. ನಮ್ಮ ಮನೆಯಲ್ಲಿ ಮಾತ್ರವಲ್ಲ, ಎಲ್ಲ ಮನೆಗಳಲ್ಲೂ ಅವರಿಗೆ ಚಹಾ ಜಗಲಿಯಲ್ಲಿ, ಕುಡಿದ ಗ್ಲಾಸನ್ನು ಅವರೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ ಹೋಗುವುದು. ಹಾಗೆ ಮಾಡಿ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಮಾಡಬೇಡಿ ಎಂದು ಹೇಳಿದ್ದನ್ನೂ ಕೇಳಿಲ್ಲ. ಅವರಿಗೆ ಶುಚಿ ಜಾಸ್ತಿ ಎಂದುಕೊಂಡು ನಾನು ಹದಿನಾರು ವರ್ಷ ಕಳೆದಿದ್ದೆ. ಅಂತೂ ನನಗೆ ತಿಳಿಯದೆ ಹೋದದ್ದು ಸೈಫನ್ ಒಂದೇ ಅಲ್ಲ.

"ಗ್ಲಾಸ್ ಇಲ್ಲಿ ಕೊಡಿ" ಎಂದಳು ಅಮ್ಮ.

"ಬ್ಯಾಡ ಅಮ್ಮ, ನಾನ್ ತೊಳ್ದಿಡ್ತೆ."

"ಮತ್ತ್ ನೀವ್ ಮಿಶನ್ ಸಮಾ ಮಾಡದ್ದ್ ಎಂತಕೆ? ಕೊಡಿ."

ಅವರು ಅಜ್ಜಿಯನ್ನು ನೋಡಿದರು. ಅಜ್ಜಿ ಪೈಪನ್ನು ನೋಡುತ್ತಿದ್ದಳು. ಅಮ್ಮ ಅವರ ಕೈಯಿಂದ ಗ್ಲಾಸು ತೆಗೆದುಕೊಂಡು, ಮಿಶನಿನ ಮೇಲಿನ ಸಾಲಿನ ಸರಿಯಾಗಿ ನಡುವಿನಲ್ಲಿ ಇಟ್ಟಳು. ಅಷ್ಟು ದೊಡ್ಡ ಮಿಶನಿನಲ್ಲಿ ಅದೊಂದೇ ಗ್ಲಾಸು.

ಅಜ್ಜಿ ಪೈಪು ಬಿಟ್ಟು ಗ್ಲಾಸಿನ ಕಡೆ ತಿರುಗಿದಳು.

"ಒಂದ್ ಗ್ಲಾಸಿಗೆ ಅಷ್ಟ್ ನೀರ್ ಖರ್ಚ್ ಮಾಡುದಾ?" ಎಂದಳು. "ಏಪ್ರಿಲ್ ತಿಂಗಳಂಗೆ? ನಿಮ್ಗೆಲ್ಲ ಎಂತ ತಲಿ ಸಮಾ ಇಲ್ಯಾ?" ಎನ್ನುತ್ತಾ ಒಳಗೆ ಹೋಗಿ, ತಾನು ಬೆಳಿಗ್ಗೆ ತೊಳೆದು ಬೋರಲು ಹಾಕಿದ್ದ ತಟ್ಟೆ, ಲೋಟ, ಬಟ್ಟಲುಗಳನ್ನು ಬುಟ್ಟಿಯಲ್ಲಿ ತುಂಬಿ ತಂದು ಅಮ್ಮನ ಮುಂದೆ ಇಟ್ಟಳು. "ಹಾಕುದಾರೆ ಸಮಾ ಹಾಕ್. ಜಾಗ ಖಾಲಿ ಬಿಡ್‌ಬ್ಯಾಡ."

ಅಮ್ಮ ಆ ಗ್ಲಾಸಿನ ಅತ್ತಿತ್ತ ನಮ್ಮ ಮನೆಯ ಲೋಟಗಳನ್ನೆಲ್ಲ ಜೋಡಿಸಿದಳು.

ಮಿಶನ್ ಗುರ್ ಎಂದಿತು, ನಿಂತಿತು, ನೀರು ತುಂಬಿಕೊಂಡಿತು. ನಾವು ನಾಲ್ವರೂ ಕಿವಿ ಕೊಟ್ಟು ಕೂತೆವು. ಬಸಳೆ ಬುಡದಲ್ಲಿ ಸದ್ದಿಲ್ಲ. ಒಳಗೆ ಮಳೆ ಬಂದ ಹಾಗೆ ತಪತಪ ಶುರುವಾಯಿತು. ಮುಕ್ಕಾಲು ಗಂಟೆಯ ಮೇಲೆ, ಬಿಡಬೇಕಾದ ಹೊತ್ತಿಗೆ, ಬಿಳಿ ನೊರೆಯ ನೀರು ದಪ್ಪ ಪೈಪಿನಲ್ಲಿ ಇಳಿದು ಹೋಯಿತು. ನೀರು ಬಿಡುವವರು ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆದು, "ಈಗ ತಳ್ಳಿದ್ರ್. ಗುರ್ ಅಂತ ಹೇಳಿಯೇ ತಳ್ಳಿದ್ರ್" ಎಂದರು.

ಟೆಂಪೋದವನಿಗೆ ಫೋನ್ ಮಾಡಲು ಹೇಳಿದ್ದು ಅಜ್ಜಿಯೇ. ನಾನು ಹಚ್ಚಿ ಕೊಟ್ಟೆ. "ಹ್ವಾಯ್, ನಾಳೆ ಬಪ್ಪುದ್ ಬ್ಯಾಡ. ಇಲ್ಲೆ, ಹಾಳಾಯ್ಲಿಲ್ಲೆ. ನಮ್ ಸೊಸಿಗೆ ಬೇಕಂಬ್ರ್" ಎಂದು ಹೇಳಿ ಇಟ್ಟಳು.

ಅಮ್ಮ ಇನ್ನೊಮ್ಮೆ ಚಹಾ ಮಾಡಿದಳು. ಈ ಸಲ ನೀರು ಬಿಡುವವರು ಅಡುಗೆಮನೆಯಲ್ಲಿ ಕೂತಲ್ಲೇ ಕುಡಿದರು, ಕುಡಿದು ಎದ್ದು ಗ್ಲಾಸು ಹಿಡಿದುಕೊಂಡು ನಿಂತರು. ಎತ್ತ ಹೋಗಬೇಕೆಂದು ಅವರಿಗೆ ತಿಳಿಯಲಿಲ್ಲ. ಇಡೀ ಊರಿನ ಪೈಪುಗಳ ದಾರಿ ಗೊತ್ತಿದ್ದವರು ನಮ್ಮ ಅಡುಗೆಮನೆಯ ನಡುವೆ ದಾರಿ ತಪ್ಪಿದವರಂತೆ ನಿಂತದ್ದು ಅವತ್ತೊಂದೇ ದಿನ. ಅಮ್ಮ ಮಿಶನಿನ ಬಾಗಿಲು ತೆಗೆದಳು.

"ಮೇಲಿನ ಸಾಲಂಗೆ ಇಡಿ. ಬೋರಲು."

ಅವರು ಬಗ್ಗಿ ಇಟ್ಟರು.

"ಚೂರ್ ಓರೆ ಮಾಡಿ" ಎಂದಳು ಅಮ್ಮ. "ಇಲ್ದಿರೆ ಅಡಿಯಂಗೆ ನೀರ್ ನಿಲ್ಲತ್ತ್."

ಅವರು ಗ್ಲಾಸನ್ನು ಒಂದು ಬೆರಳಿನಲ್ಲಿ ಮೆಲ್ಲಗೆ ಓರೆ ಮಾಡಿ, ಸರಿಯಾಯಿತೋ ಎಂದು ಅವಳ ಮುಖ ನೋಡಿದರು.